ಕಾಲು ತಾಗಿದರೆ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐಕಿಡೋ ಎಂಬ ಜಪಾನಿ ಸೆಣಸಾಟದ ವಿದ್ಯೆ ಕಲಿತವಳು ಅಂದ ಕೂಡಲೇ ಜನ ಏನೇನೋ ಊಹಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಜಿರಲೆಗೆ, ನಾಯಿಗೆ, ಲಿಫ್ಟಿಗೆ, ಇಮಿಗ್ರೇಷನ್ ಕೌಂಟರಿನ ಗಾಜಿನ ಹಿಂದೆ ಕೂತ ಅಧಿಕಾರಿಗೆ, ಎಲ್ಲಕ್ಕೂ ಹೆದರುತ್ತಿದ್ದವಳು ನಾನು. ಆದರೂ ಎರಡು ಸಾವಿರದ ಎಂಟರ ನವೆಂಬರ್‌ವರೆಗೆ ಆ ಭಯಗಳನ್ನೆಲ್ಲ ಇಟ್ಟುಕೊಂಡೇ ದಿನ ದೂಡುತ್ತಿದ್ದೆ.

ಆಗ ನಾವು ಅಮೆರಿಕದ ಇಸ್ಸಾಕ್ವಾ ಎಂಬ ಊರಿನಲ್ಲಿದ್ದೆವು. ನಾಲ್ಕು ವರ್ಷ ಗಂಡನ ವೀಸಾದ ಬಾಲ ಹಿಡಿದು, ಮಗಳನ್ನು ನೋಡಿಕೊಂಡು ಮನೆಯಲ್ಲಿ ಕೂತಿದ್ದೆ. ಕೊನೆಗೂ ನನ್ನದೇ ವೀಸಾ ಸಿಕ್ಕಿ, ಸೌತ್ ಲೇಕ್ ಯೂನಿಯನ್ನಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ ವರ್ಷ ದಾಟಿತ್ತು. ಬೆಳಗ್ಗೆ ಕಾರನ್ನು ಬಸ್ ನಿಲ್ದಾಣದ ಪಕ್ಕದ ಮಹಡಿ ಪಾರ್ಕಿಂಗಿನಲ್ಲಿ ಬಿಟ್ಟು ಬಸ್ ಹತ್ತುವುದು, ಡೌನ್‌ಟೌನಿನಲ್ಲಿ ಇಳಿದು ಟ್ರಾಮಿನಂಥ ಸ್ಟ್ರೀಟ್‌ಕಾರ್ ಹಿಡಿಯುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಆ ವರ್ಷ ಎಲ್ಲಿ ನೋಡಿದರೂ ಕೆಲಸ ಹೋದವರ ಸುದ್ದಿ. ಅಂಥದ್ದರಲ್ಲಿ ನನ್ನ ಕೆಲಸ ಉಳಿದಿದೆಯಲ್ಲ ಎಂದು ದಿನಾ ದೇವರಿಗೆ ಒಂದು ನಮಸ್ಕಾರ ಜಾಸ್ತಿ ಹಾಕುತ್ತಿದ್ದೆ.

ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೇ ಕತ್ತಲೆ. ಆ ದಿನ ಬಸ್ಸಿಳಿದು ಮೂರನೇ ಮಹಡಿಗೆ ಹತ್ತಿ ಕಾರಿನ ಹತ್ತಿರ ಬಂದೆ. ಕೀ ಹುಡುಕುತ್ತಿದ್ದಾಗ ಹಿಂದಿನಿಂದ ಒಬ್ಬ ನನ್ನ ಬಲಗೈಯ ಮಣಿಕಟ್ಟು ಹಿಡಿದ. ಗಡ್ಡ ಬಿಟ್ಟ ದೊಡ್ಡ ಆಳು. ಇನ್ನೊಂದು ಕೈಯಲ್ಲಿ ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಎಳೆದ. ಊಟದ ಡಬ್ಬಿ ಕೆಳಗೆ ಬಿದ್ದು ಉರುಳಿಕೊಂಡು ಹೋಯಿತು. ನಾನು ಚೀರಲಿಲ್ಲ. ಚೀರಬೇಕೆಂದು ಬಾಯಿ ತೆರೆದದ್ದು ನೆನಪಿದೆ, ಒಳಗಿನಿಂದ ಕೂಗು ಬರಲಿಲ್ಲ. ಅಷ್ಟರಲ್ಲಿ ಕೆಳಗಿನ ಮಹಡಿಯಿಂದ ಕಾರೊಂದು ಹತ್ತಿ ಬಂದು ಅದರ ದೀಪ ನಮ್ಮ ಮೇಲೆ ಬಿತ್ತು. ಅವನು ಕೈ ಬಿಟ್ಟು ಹೊರಟುಹೋದ. ಓಡಲೂ ಇಲ್ಲ, ಆರಾಮಾಗಿ ನಡೆದುಕೊಂಡು ಹೋದ. ಅದು ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸಿತು.

ಮನೆಯಲ್ಲಿ ಹೇಳಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ಡಬ್ಬಿಯ ಮುಚ್ಚಳ ಸೊಟ್ಟಗಾಗಿತ್ತು. ಬಸ್ಸಿನಲ್ಲಿ ಬಿತ್ತು ಅಂದೆ. ನನ್ನ ಗಂಡ ಕೆಟ್ಟವರಲ್ಲ, ಆದರೆ ಅವರ ಬಾಯಲ್ಲಿ ಮೊದಲು ಬರುವ ಮಾತು ಏನೆಂದು ನನಗೆ ಗೊತ್ತಿತ್ತು: ಕೆಲಸ ಬಿಟ್ಟುಬಿಡು. ಕೆಲಸ ಬಿಟ್ಟರೆ ವೀಸಾ ಹೋಯಿತು, ಮತ್ತೆ ಆ ಸೋಫಾ, ಮತ್ತೆ ಆ ಕಿಟಕಿ. ಹೇಳದೇ ಇರಲು ಇನ್ನೊಂದು ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಅಂದಿನಿಂದ ಪ್ರತಿ ಸಂಜೆ ಆ ಮೂರನೇ ಮಹಡಿ ನನ್ನ ಜೀವ ತಿನ್ನತೊಡಗಿತು. ಮಧ್ಯಾಹ್ನ ಮೂರಕ್ಕೇ ಗಡಿಯಾರ ನೋಡುವುದು ಶುರು. ಬಸ್ಸು ಸರೋವರದ ನಡುವಿನ ಮರ್ಸರ್ ಐಲ್ಯಾಂಡ್ ದಾಟುವಷ್ಟರಲ್ಲಿ ಅಂಗೈ ಬೆವರಿ ಕೀ ಜಾರುತ್ತಿತ್ತು. ಯಾರಾದರೂ ನನ್ನ ಹಿಂದೆಯೇ ಇಳಿದರೆ ಶೂ ಲೇಸ್ ಕಟ್ಟುವ ನೆಪ ಮಾಡಿ ಅವರನ್ನು ಮುಂದೆ ಕಳಿಸುತ್ತಿದ್ದೆ. ನನ್ನ ಶೂಗೆ ಲೇಸೇ ಇರಲಿಲ್ಲ. ಹೀಗೇ ಇನ್ನೊಂದು ತಿಂಗಳಾದರೆ ನಾನೇ ಕೆಲಸ ಬಿಡುತ್ತೇನೆ ಎಂದು ನನಗೆ ಅನ್ನಿಸತೊಡಗಿತು. ಗಂಡ ಹೇಳಬೇಕಾಗಿಯೇ ಇಲ್ಲ.

ಲೈಬ್ರರಿಯ ಗೋಡೆಯಲ್ಲಿ ಒಂದು ಚೀಟಿ ಕಂಡಿತು: ಶನಿವಾರ ಬೆಳಗ್ಗೆ ಮರ್ಸರ್ ಐಲ್ಯಾಂಡಿನಲ್ಲಿ ಐಕಿಡೋ ತರಗತಿ, ಯಾರು ಬೇಕಾದರೂ ಬರಬಹುದು. ಬೆನ್ನು ನೋವಿಗೆ ವ್ಯಾಯಾಮ ಎಂದು ಮನೆಯಲ್ಲಿ ಹೇಳಿ ಹೋದೆ. ನನಗೆ ಬೇಕಾಗಿದ್ದದ್ದು ಒಂದೇ. ಹೊಡೆಯುವುದನ್ನು ಯಾರಾದರೂ ಹೇಳಿಕೊಡಬೇಕು. ಮೂಗಿನ ಮೇಲೆ, ಮೊಳಕಾಲಿನ ಮೇಲೆ, ಎಲ್ಲಿ ಹೊಡೆದರೆ ಆಳು ಬೀಳುತ್ತಾನೋ ಅಲ್ಲಿ.

ಒಳಗೆ ಕಾಲಿಟ್ಟಾಗ ನಮ್ಮ ಮೈಸೂರಿನ ಗರಡಿಮನೆ ನೆನಪಾಯಿತು. ಚಿಕ್ಕವಳಿದ್ದಾಗ ನಮ್ಮ ಬೀದಿಯ ಕೊನೆಗೆ ಒಂದು ಗರಡಿ ಇತ್ತು. ಕೆಮ್ಮಣ್ಣಿನ ಕಣ, ಗೋಡೆಯಲ್ಲಿ ಹನುಮಂತನ ಪಟ, ಊದುಬತ್ತಿ. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಬಾಗಿಲ ಸಂದಿಯಲ್ಲಿ ಇಣುಕಿ ಬೈಸಿಕೊಂಡು ಓಡಿದ್ದೆ. ಇಲ್ಲಿ ಮಣ್ಣಿನ ಬದಲು ಚಾಪೆ, ಹನುಮಂತನ ಬದಲು ಬಿಳಿ ಗಡ್ಡದ ಒಬ್ಬ ಜಪಾನಿ ಮುದುಕರ ಫೋಟೋ. ಚಪ್ಪಲಿ ಹೊರಗೆ ಬಿಡಬೇಕು, ಪಟಕ್ಕೆ ತಲೆಬಾಗಬೇಕು, ಆಮೇಲೆ ಎದುರಿನವರಿಗೂ ತಲೆಬಾಗಬೇಕು. ಇದೆಲ್ಲ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಗುರುಗಳನ್ನು ಸೆನ್ಸೇ ಎಂದು ಕರೆಯಬೇಕಿತ್ತು. ಅರವತ್ತೈದು ದಾಟಿದ ಅಮೆರಿಕನ್ ಹೆಂಗಸು. ಬೆಳ್ಳಗಿನ ಕೂದಲು, ತೆಳ್ಳಗಿನ ಮೈ, ಪ್ರಾಯದಲ್ಲಿ ಕೆಲವು ವರ್ಷ ಜಪಾನಿನಲ್ಲಿದ್ದು ಕಲಿತು ಬಂದವರಂತೆ. ಮೊದಲ ದಿನ ಅವರು ಕಲಿಸಿದ್ದು ಬೀಳುವುದನ್ನು. ಎರಡನೇ ವಾರವೂ ಬೀಳುವುದು. ಮೂರನೇ ವಾರ ನನ್ನ ತಾಳ್ಮೆ ಕೆಟ್ಟಿತು. ಬೀಳೋದಕ್ಕೆ ಇಷ್ಟು ದೂರ ಬರಬೇಕಾ, ಮನೆ ಬಚ್ಚಲಲ್ಲೇ ಬೀಳಬಹುದಲ್ಲ ಎಂದು ಮನಸ್ಸಿನಲ್ಲೇ ಗೊಣಗಿದೆ. ಬಾಯಿಬಿಟ್ಟು ಕೇಳಿದ್ದು ಇಷ್ಟು: "ಹೊಡೆಯುವುದು ಯಾವಾಗ ಹೇಳಿಕೊಡ್ತೀರಿ?"

ಸೆನ್ಸೇ ಎಲ್ಲರನ್ನೂ ಕೂರಿಸಿ ಆ ಪಟದ ಮುದುಕರ ಕಥೆ ಹೇಳಿದರು. ಚಿಕ್ಕಂದಿನಲ್ಲಿ ಆತ ರೋಗಿಷ್ಠ, ಕುಳ್ಳ. ಊರಿನ ರಾಜಕೀಯದ ಜಗಳದಲ್ಲಿ ಯಾರೋ ಗೂಂಡಾಗಳನ್ನು ಕಳಿಸಿ ಅವರ ತಂದೆಯನ್ನು ಹೊಡೆಸಿದ್ದನ್ನು ಕಣ್ಣಾರೆ ಕಂಡರಂತೆ. ಆ ಸಿಟ್ಟಿನಲ್ಲಿ ಭರ್ಜಿ, ಕತ್ತಿ, ಕುಸ್ತಿ, ಸಿಕ್ಕಿದ್ದನ್ನೆಲ್ಲ ಕಲಿತು ಯಾರೂ ಮುಟ್ಟಲಾಗದಂಥ ಆಳಾದರು. ಸೈನಿಕರಿಗೂ ಕಲಿಸಿದರು. ಆಮೇಲೆ ಮಹಾಯುದ್ಧದ ನಡುವೆ ಎಲ್ಲ ಬಿಟ್ಟು ಹಳ್ಳಿಗೆ ಹೋಗಿ ಹೊಲ ಉಳುತ್ತಾ ಅಲ್ಲಿಯೇ ತಮ್ಮ ವಿದ್ಯೆಯನ್ನು ತಿದ್ದಿದರು. ಎದುರಾಳಿಯನ್ನು ಮುರಿಯುವುದು ಗೆಲುವಲ್ಲ, ಅವನಿಗೂ ಪೆಟ್ಟಾಗದ ಹಾಗೆ ಅವನ ಹೊಡೆತವನ್ನು ಮುಗಿಸಬೇಕು, ಇದು ಅವರು ಕೊನೆಗೆ ಮುಟ್ಟಿದ ಜಾಗ. ಹೊಂದಿಕೆ, ಉಸಿರು, ದಾರಿ, ಈ ಮೂರು ಪದ ಸೇರಿ ಐಕಿಡೋ ಎಂಬ ಹೆಸರಾಗಿದೆಯಂತೆ.

ನನಗೆ ಮೈಯೆಲ್ಲ ಉರಿಯಿತು. ಆ ಪಾರ್ಕಿಂಗಿನವನಿಗೆ ಪೆಟ್ಟಾಗಬಾರದೆಂದು ನಾನು ಶನಿವಾರ ಬೆಳಗ್ಗೆ ದೋಸೆ ಬಿಟ್ಟು ಬಂದು ಇಲ್ಲಿ ಉರುಳಾಡಬೇಕೇ?

ಸೆನ್ಸೇ ಎದ್ದು ನನ್ನನ್ನು ಕರೆದರು. "ನನ್ನ ಕೈ ಹಿಡಿ. ಬಲವಾಗಿ ತಳ್ಳು." ತಳ್ಳಿದೆ. ಅವರು ತಿರುಗಿ ತಳ್ಳಲಿಲ್ಲ, ಹಿಂದೆಯೂ ಹೋಗಲಿಲ್ಲ. ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟು ತಿರುಗಿ ನನ್ನ ಪಕ್ಕದಲ್ಲಿ ನಿಂತುಬಿಟ್ಟರು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದೆವು. ನನ್ನ ಬಲವೆಲ್ಲ ಎದುರಿನ ಖಾಲಿ ಜಾಗಕ್ಕೆ ಹೋಗಿ ನಾನೇ ಮುಗ್ಗರಿಸಿದೆ.

"ಈಗ ನೀನು ನೋಡ್ತಿರೋದೇ ನನಗೂ ಕಾಣಿಸ್ತಿದೆ," ಎಂದರು. "ಮೊದಲು ಇದನ್ನ ಕಲಿ."

ಕಲಿಯುವುದೇನೋ ಸರಿ, ಆದರೆ ನನ್ನ ಜೊತೆಗಾರ ಯಾರೆಂದು ಹೇಳಬೇಕು. ಆರೂ ಕಾಲಡಿ ಎತ್ತರದ ಒಬ್ಬ ಬಡಗಿ. ಗಡ್ಡ ಬೇರೆ. ಐಕಿಡೋದಲ್ಲಿ ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಬಿಡಿಸಿಕೊಂಡು ಬೀಳಿಸಬೇಕು. ಹಿಡಿಯುವವರು ನಿಜವಾಗಿ ಹಿಡಿಯಬೇಕು. ನಾಟಕ ಮಾಡಿದರೆ ಎದುರಿನವರಿಗೆ ಮೋಸ ಮಾಡಿದ ಹಾಗೆ. ಆತ ನಿಯತ್ತಿನ ಮನುಷ್ಯ, ನಿಜವಾಗಿಯೇ ಹಿಡಿದ, ಅದೇ ಬಲ ಮಣಿಕಟ್ಟನ್ನು. ನನ್ನ ಕಣ್ಣಿಗೆ ಆ ಹಾಲ್ ಮಾಯವಾಗಿ ಮೂರನೇ ಮಹಡಿ ಬಂದು ನಿಂತಿತು. ಉಸಿರು ಸಿಕ್ಕಿಹಾಕಿಕೊಂಡಿತು. ನನ್ನ ಮುಖ ನೋಡಿ ಆತ ಕೈ ಬಿಟ್ಟು ಸುಮ್ಮನೆ ಕಾದ. ಮತ್ತೆ ಹಿಡಿದ, ಮತ್ತೆ ಬಿಟ್ಟು ಕಾದ. "ಕೂಗು, ಉಸಿರು ತಾನೇ ಬರತ್ತೆ," ಎಂದರು ಸೆನ್ಸೇ. ಎಲ್ಲರೂ ತಿರುಗುವಾಗ ಹೊಟ್ಟೆಯಿಂದ ಕೂಗುತ್ತಿದ್ದರು. ನನ್ನದು ಮಾತ್ರ ಬಾಯಿ ತೆರೆದ ಮೀನು.

ಜನವರಿಯ ಮಧ್ಯದ ಹೊತ್ತಿಗೆ ಕೂಗದೆಯೇ ಹೇಗೋ ತಿರುಗಲು ಕಲಿತಿದ್ದೆ. ಆ ಶನಿವಾರ ಆತ ಹಿಡಿದ, ನಾನು ತಿರುಗಿದೆ, ಅಷ್ಟು ದೊಡ್ಡ ಮೈ ನನ್ನ ಮುಂದಿನಿಂದ ಹಾದು ಬೀಳತೊಡಗಿತು. ಅದೇ ಕ್ಷಣ ಹೆಜ್ಜೆ ಎತ್ತಿದ್ದ ನನ್ನ ಕಾಲು, ತಲೆ ಕೆಳಗಾಗಿ ಬೀಳುತ್ತಿದ್ದ ಅವನ ಕೆನ್ನೆಗೆ ತಾಗಿತು.

ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರಿಗಾದರೂ ಕಾಲು ತಾಗಿದರೆ, ಪುಸ್ತಕಕ್ಕೆ ತಾಗಿದರೆ, ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಯೋಚಿಸಿ ಮಾಡುವ ಕೆಲಸವಲ್ಲ ಅದು, ಕೈ ತಾನೇ ಹೋಗುತ್ತದೆ. ನನ್ನದೂ ಹೋಯಿತು. ಅವನು ಇನ್ನೂ ಗಾಳಿಯಲ್ಲಿದ್ದಾಗಲೇ ನಾನು ಅವನನ್ನು ಮುಟ್ಟಲು ಬಗ್ಗಿದೆ. ಅವನು ಉರುಳಬೇಕಾದ ಜಾಗದಲ್ಲಿ ನನ್ನ ತಲೆ ಇತ್ತು. ನನ್ನ ಮೇಲೆ ಬೀಳಬಾರದೆಂದು ಅವನು ಬೀಳುತ್ತಲೇ ಮೈ ತಿರುಚಿದ. ಭುಜ ಊರಿ ಬಿದ್ದ. ಒಣಗಿದ ಕಡ್ಡಿ ಮುರಿದ ಹಾಗೆ ಸದ್ದಾಯಿತು.

ಕಾಲರ್ ಮೂಳೆ ಬಿರುಕು ಬಿಟ್ಟಿತ್ತು. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಯಾರಿಗೂ ಹೇಳದೆ ಓಡಿಬಂದೆ.

ಆಮೇಲಿನ ಎರಡು ವಾರ ಇದೆಯಲ್ಲ, ಶತ್ರುವಿಗೂ ಬೇಡ. ಬಡಗಿಯ ಭುಜ ಅಂದರೆ ಅವನ ಅನ್ನ. ಈ ದೇಶದಲ್ಲಿ ಮಾತೆತ್ತಿದರೆ ಕೋರ್ಟಿಗೆ ಹೋಗುತ್ತಾರೆ ಎಂದು ಕೇಳಿದ್ದೆ. ಕೋರ್ಟಿಗೆ ಹೋದರೆ ಪೊಲೀಸರು, ಪೊಲೀಸರು ಬಂದರೆ ವೀಸಾ. ಸೇರುವಾಗ ಏನೋ ಕಾಗದಕ್ಕೆ ಸಹಿ ಹಾಕಿದ್ದೆ, ಓದಿರಲಿಲ್ಲ. ನಮ್ಮ ಬೀದಿಯಲ್ಲಿ ಪೊಲೀಸ್ ಕಾರು ನಿಧಾನವಾದರೆ ಪರದೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಸಂಜೆ ಮೂರನೇ ಮಹಡಿಯ ಭಯ, ಬೆಳಗ್ಗೆ ಅಂಚೆ ಡಬ್ಬದ ಭಯ. "ಯಾಕೇ ಇಷ್ಟು ಸೊರಗಿದೀಯ? ಬೆನ್ನು ನೋವು ಜಾಸ್ತಿನಾ?" ಎಂದು ಗಂಡ ಕೇಳಿದರೆ ಹೂಂ ಅಂದೆ.

ಮನೆಯಲ್ಲಿ ಹೇಳದಿರಲು ಇದ್ದ ಆ ಇನ್ನೊಂದು ಕಾರಣವನ್ನು ಈಗ ಹೇಳುತ್ತೇನೆ. ಬಡಗಿಯ ಭುಜದ ಸದ್ದು ಕೇಳಿದಾಗ ನನಗೆ ನೆನಪಾದದ್ದು ಅದೇ. ನವೆಂಬರಿನ ಆ ಸಂಜೆ ಆ ಮನುಷ್ಯ ಬ್ಯಾಗು ಎಳೆದಾಗ ನಾನು ತತ್ತರಿಸಿ ಅವನ ಕಾಲು ತುಳಿದಿದ್ದೆ. ತುಳಿದವಳೇ ಬಗ್ಗಿದೆ. ಒಂದು ಕೈ ಅವನ ಮುಷ್ಟಿಯಲ್ಲಿತ್ತು, ಇನ್ನೊಂದು ಕೈ ಅವನ ಬೂಟಿನ ಕಡೆಗೆ ಹೋಯಿತು. ಮುಟ್ಟಿ ಕಣ್ಣಿಗೊತ್ತಿಕೊಂಡೆ. ನನ್ನನ್ನು ದೋಚಲು ಬಂದವನಿಗೆ ನಾನು ನಮಸ್ಕಾರ ಮಾಡಿದ್ದೆ. ಕೂಗು ಹೊರಡದ ಬಾಯಿಯಿಂದ "ಸಾರಿ" ಎಂಬ ಮಾತು ಮಾತ್ರ ಸಲೀಸಾಗಿ ಬಂದಿತ್ತು.

ಇದನ್ನು ಯಾರಿಗೆ ಹೇಳಲಿ? ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ಯುಗಾದಿಗೆ ನಾಲ್ಕು ಮನೆಯವರು ಸೇರಿದಾಗ, "ನಮ್ಮನೆಯವಳು ಕಳ್ಳನ ಕಾಲಿಗೆ ಬಿದ್ಲು ಕಣ್ರೀ" ಎಂದು ಗಂಡ ಶುರುಮಾಡಿದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ನಾಚಿಕೆ ಮತ್ತು ಭಯ ಸೇರಿ ನನ್ನ ಬಾಯಿಗೆ ಬೀಗ ಹಾಕಿದ್ದವು.

ಎರಡು ವಾರದ ನಂತರ ಸೆನ್ಸೇಯವರ ಫೋನ್ ಬಂತು. ಕೋರ್ಟಿನ ಮಾತಿಲ್ಲ, ಬೈಗುಳವಿಲ್ಲ. ಬಡಗಿ ಹುಷಾರಾಗುತ್ತಿದ್ದಾನೆ, ನೀನು ಬಾರದ್ದಕ್ಕೆ ಅವನಿಗೆ ಬೇಜಾರಾಗಿದೆ ಎಂದರು. ಆಮೇಲೆ ಕೇಳಿದರು, "ನೀನು ಯಾಕೆ ಬಗ್ಗಿದೆ?"

ಕಾಲು ತಾಗಿದರೆ ಏನು ಮಾಡಬೇಕೆಂಬ ನಮ್ಮ ಪದ್ಧತಿಯನ್ನು ತಡವರಿಸುತ್ತಾ ಹೇಳಿದೆ. ಪಾರ್ಕಿಂಗಿನ ಸುದ್ದಿ ಎತ್ತಲಿಲ್ಲ. ಅದಕ್ಕೆ ಅವರು ಅಂದದ್ದು ಇಷ್ಟು:

"ಒಳ್ಳೆಯ ಪದ್ಧತಿ. ಬಿಡಬೇಡ. ಆದ್ರೆ ನಡುವೆ ಅಲ್ಲ. ಬೀಳೋದು ಮುಗೀಲಿ, ಇಬ್ಬರೂ ಎದ್ದು ನಿಲ್ಲಿ, ಆಮೇಲೆ."

ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಮತ್ತೆ ಹೋದೆ. ಧೈರ್ಯ ಬಂದು ಹೋದದ್ದಲ್ಲ. ಹೋಗದಿದ್ದರೆ ಬಡಗಿಯ ಮುಖ ಕನಸಿನಲ್ಲಿ ಬರುತ್ತಿತ್ತು. ಆತ ಕೈಯನ್ನು ಕೊರಳಿನ ಪಟ್ಟಿಗೆ ತೂಗುಹಾಕಿಕೊಂಡು ಗೋಡೆಗೊರಗಿ ಕೂತು ನಾವು ಬೀಳುವುದನ್ನು ನೋಡುತ್ತಿದ್ದ. ನಾನು ಕ್ಷಮೆ ಕೇಳಲು ಹೋದರೆ ಅವನು ಹೇಳಿದ್ದು, "ನಿನ್ನ ತಲೆ ಮೇಲೆ ಬಿದ್ದಿದ್ರೆ ನಂಗೆ ಇವತ್ತಿಗೂ ನಿದ್ದೆ ಬರ್ತಿರಲಿಲ್ಲ." ಪಟದ ಮುದುಕರ ಕಥೆ ನನಗೆ ಸ್ವಲ್ಪ ಅರ್ಥವಾದದ್ದು ಆವತ್ತು.

ಏಪ್ರಿಲ್ ಕೊನೆಯಲ್ಲಿ ಮೊದಲ ಮೆಟ್ಟಿಲಿನ ಪರೀಕ್ಷೆ. ಮನೆಯವರೂ ಬಂದು ನೋಡಬಹುದು. ಗಂಡ ಆರು ವರ್ಷದ ಮಗಳನ್ನು ಕರೆದುಕೊಂಡು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದರು. "ಬೆನ್ನು ನೋವಿಗೆ ಪರೀಕ್ಷೆ ಬೇರೆ ಇದ್ಯಾ?" ಎಂದು ರೇಗಿಸಿದರು. ನನ್ನನ್ನು ಹಿಡಿಯುವವರು ಯಾರೆಂದು ಸೆನ್ಸೇ ಕೇಳಿದರು. ಭುಜ ವಾಸಿಯಾಗಿದ್ದ ಬಡಗಿ ತಾನೇ ಎದ್ದು ಬಂದ.

ಹಿಡಿದ. ಅದೇ ಕೈ, ಅದೇ ಬಿಗಿ. ನಾನು ಹೆಜ್ಜೆ ಮುಂದಿಟ್ಟೆ, ಭಯದಲ್ಲಿ ಲೆಕ್ಕ ತಪ್ಪಿ ಅವನ ಪಾದವನ್ನೇ ತುಳಿದೆ. ಎಡಗೈ ತಾನೇ ಕೆಳಗೆ ಹೊರಟಿತು. ಮೊಣಕಾಲಿನವರೆಗೆ ಹೋದದ್ದನ್ನು ನಾನೇ ನೋಡಿದೆ. ಮೂರನೇ ಮಹಡಿ ಮತ್ತೆ ಬಂದು ನಿಂತಿತು, ಬೂಟು ಕಂಡಿತು, ಮೈಯಲ್ಲಿ ಎಲ್ಲಿತ್ತೋ ಗೊತ್ತಿಲ್ಲ, ಕೂಗು ಬಂತು, ಅದೂ ಕನ್ನಡದಲ್ಲಿ:

"ಬಿಡೋ! ಬಿಡೋ ನನ್ನ ಕೈನ!"

ಪರೀಕ್ಷೆಯಲ್ಲಿ ಹಿಡಿದವರು ಬಿಡಬಾರದು. ಆದರೂ ಬಡಗಿ ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ. "ಇನ್ನೊಂದು ಸಲ," ಎಂದರು ಸೆನ್ಸೇ, ಏನೂ ಆಗದವರಂತೆ. ಇನ್ನೊಂದು ಸಲ ಹಿಡಿದಾಗ ತಿರುಗಿದೆ, ಅವನು ಬಿದ್ದ, ಉರುಳಿದ, ಎದ್ದ. ಇಬ್ಬರೂ ನಿಂತ ಮೇಲೆ ನಾನು ಬಗ್ಗಿ, ತುಳಿದ ಪಾದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವನ ಮುಖ ಕೆಂಪಾಯಿತು. ಪಾಸಾದೆ ಎಂದರು. ಗಂಡನ ಕಡೆ ನೋಡಿದೆ. ಕ್ಯಾಮೆರಾ ಅವರ ಕೈಯಲ್ಲೇ ಇತ್ತು, ಫೋಟೋ ತೆಗೆದಿರಲಿಲ್ಲ.

ಕಾರಿನಲ್ಲಿ ಮಗಳು ಹಿಂದಿನಿಂದ ಇಂಗ್ಲಿಷಿನಲ್ಲಿ, ಅಮ್ಮ ಯಾಕೆ ಆ ಅಂಕಲ್‌ಗೆ ಬೈದಳು ಎಂದು ಎರಡು ಸಲ ಕೇಳಿ ನಿದ್ದೆ ಹೋದಳು. ಸೇತುವೆ ದಾಟಿದ ಮೇಲೆ ಗಂಡ ರಸ್ತೆ ನೋಡುತ್ತಲೇ ಕೇಳಿದರು.

"ಯಾವಾಗ ಆಗಿದ್ದು?"

ಏನು ಎಂದು ಕೇಳಲಿಲ್ಲ. ಯಾರು ಎಂದೂ ಕೇಳಲಿಲ್ಲ. ನನ್ನನ್ನು ಬಿಟ್ಟರೆ ಆ ಹಾಲಿನಲ್ಲಿ ಕನ್ನಡ ಬರುತ್ತಿದ್ದ ದೊಡ್ಡವರು ಅವರೊಬ್ಬರೇ, ಆ ಕೂಗು ಬಡಗಿಗಲ್ಲ ಎಂದು ಅವರಿಗೆ ಗೊತ್ತಾಗಿತ್ತು.

"ನವೆಂಬರಲ್ಲಿ," ಎಂದೆ. ಎಲ್ಲ ಹೇಳಿದೆ. ಡಬ್ಬಿ, ಬೂಟು, ನಮಸ್ಕಾರ, ಸಾರಿ. ನಗುತ್ತಾರೆಂದು ಕಾದೆ. ನಗಲಿಲ್ಲ. ಹೆದ್ದಾರಿಯಿಂದ ಮನೆ ಕಡೆ ಇಳಿಯುವ ನಮ್ಮ ಎಕ್ಸಿಟ್ ದಾಟಿಹೋಯಿತು, ರಸ್ತೆ ಗುಡ್ಡ ಹತ್ತತೊಡಗಿತು, ಅವರು ಗಮನಿಸಲಿಲ್ಲ.

"ಕೆಲಸ ಬಿಟ್ಬಿಡು," ಎಂದರು.

ಐದು ತಿಂಗಳು ನಾನು ಹೆದರಿಕೊಂಡಿದ್ದ ಮಾತು. ಜಗಳಕ್ಕೆ ನಾಲಿಗೆ ತುದಿಯಲ್ಲಿ ನೂರು ಮಾತು ಸಿದ್ಧವಿದ್ದವು. ಅಷ್ಟರಲ್ಲಿ ಸ್ಟೀರಿಂಗ್ ಮೇಲಿನ ಅವರ ಕೈ ನೋಡಿದೆ. ಬೆರಳುಗಳು ನಡುಗುತ್ತಿದ್ದವು. ನಾನು ಅವರ ಮುಖ ಬಿಟ್ಟು ಅವರು ನೋಡುತ್ತಿದ್ದ ರಸ್ತೆಯನ್ನೇ ನೋಡುತ್ತಾ ಕೂತೆ.

"ನಿಮಗೂ ಭಯ ಆಗ್ತಿದೆ ಅಲ್ವಾ?" ಎಂದೆ. "ನಂಗೂ ಆಗತ್ತೆ. ಬಿಡಲ್ಲ ಕಣ್ರೀ ಕೆಲಸ. ಸೋಮವಾರ ಎಂದಿನ ಬಸ್ಸಿಗೇ ಬರ್ತೀನಿ."

ಅವರು ಮುಂದಿನ ಎಕ್ಸಿಟ್ಟಿನಲ್ಲಿ ಕಾರು ತಿರುಗಿಸಿದರು.

ಸೋಮವಾರ ಸಂಜೆ ಬಸ್ಸಿಳಿದೆ. ಹೊರಗೆ ಇನ್ನೂ ಬೆಳಕಿತ್ತು, ಪಾರ್ಕಿಂಗಿನೊಳಗೆ ಎಂದಿನ ಮಬ್ಬು. ಮೂರನೇ ಮಹಡಿಗೆ ಬಂದಾಗ ನನ್ನ ಕಾರಿನ ಪಕ್ಕ, ಕಂಬದ ಮರೆಯಲ್ಲಿ, ಒಬ್ಬ ಗಂಡಸು ಬೆನ್ನು ಮಾಡಿ ನಿಂತಿದ್ದ. ಕಾಲು ನೆಲಕ್ಕೆ ಅಂಟಿತು. ಈ ಸಲ ಕೂಗು ಗಂಟಲವರೆಗೆ ಬಂದು ಸಿದ್ಧವಾಗಿ ನಿಂತಿತ್ತು. ಅಷ್ಟರಲ್ಲಿ ಅವನು ತಿರುಗಿದ.

"ನಾನೇ ಕಣೇ," ಎಂದರು ನನ್ನ ಗಂಡ. ಅವರ ಮುಖ ಬೆಳ್ಳಗಾಗಿತ್ತು. ಅರ್ಧ ಗಂಟೆಯಿಂದ ಅಲ್ಲಿ ನಿಂತು, ಹೋಗಿ ಬರುವ ಪ್ರತಿ ಹೆಜ್ಜೆ ಸದ್ದಿಗೂ ತಿರುಗಿ ನೋಡಿದ್ದರಂತೆ. ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. ನನ್ನ ಅಂಗೈ ಬೆವರಿ ಒದ್ದೆಯಾಗಿರುವುದು ಅವರಿಗೆ ಗೊತ್ತಾಯಿತು.

"ದಿನಾ ಹೀಗೇ ಆಗತ್ತಾ ನಿಂಗೆ?"

"ದಿನಾ," ಎಂದೆ.